ಹತ್ತರವರೆಗೆ ಹಳ್ಳಿ

ಸಾಸಲು ಕಡೆಯ ಹಳ್ಳಿಗಳಲ್ಲಿ ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಸೀಟು ಮೇಡಂ ಎಂದರೆ ಮಾತ್ರ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರಿಂದ ಹಿಡಿದು ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವವರ ತನಕ ಎಲ್ಲರೂ ದಾರಿ ತೋರಿಸುತ್ತಿದ್ದರು. ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಬರೆಯಬೇಡಿ ಎಂದು ಯಾರೂ ಹೇಳಿಲ್ಲ. ಆ ಮನೆಯಲ್ಲಿ ಇನ್ನೂ ಬದುಕು ನಡೆಸಬೇಕಾದವರಿದ್ದಾರೆ, ಅಷ್ಟೆ.

ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಅವರು ವಿಜ್ಞಾನದ ಮೇಡಂ, ನಾನು ಕನ್ನಡದ ಮೇಡಂ. ಇಬ್ಬರದೂ ಮನೆ ದೊಡ್ಡಬಳ್ಳಾಪುರದಲ್ಲಿ. ಬೆಳಿಗ್ಗೆ ಒಂದೇ ಬಸ್ಸು, ಸಂಜೆ ಒಂದೇ ಬಸ್ಸು. ಅವರು ಎತ್ತರದ, ಒಣಕಲು ಮೈಯ ಹೆಂಗಸು. ಉಟ್ಟ ಸೀರೆ ಮಾತ್ರ ಯಾವಾಗಲೂ ಮದುವೆಗೆ ಹೊರಟ ಹಾಗೆ ಝಗಮಗ. ಅವರ ಮನೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ಡು ಇತ್ತು. ಅವರ ತಂದೆಯ ಕಾಲದ ಮಗ್ಗಗಳು, ಈಗ ಯಜಮಾನರು ನೋಡಿಕೊಳ್ಳುತ್ತಿದ್ದರು. ಎಳೆ ತಪ್ಪಿತೆಂದೋ ಅಂಚು ಕೂಡಲಿಲ್ಲವೆಂದೋ ಅಂಗಡಿಯವರು ವಾಪಸ್ಸು ಕಳಿಸಿದ ಸೀರೆಗಳೆಲ್ಲ ಇವರ ಪಾಲಿಗೆ. "ನೋಡಿ, ಈ ನವಿಲಿಗೆ ಕಾಲೇ ಇಲ್ಲ," ಎಂದು ಸೆರಗು ಬಿಡಿಸಿ ತೋರಿಸಿ ತಾವೇ ನಗುತ್ತಿದ್ದರು.

ಮಗ್ಗದ ಸದ್ದಿನಲ್ಲಿ ಬೆಳೆದವರಾದ್ದರಿಂದ ಗಂಟಲು ದೊಡ್ಡದು. ಪಕ್ಕದಲ್ಲಿ ಕೂತವರೊಂದಿಗೂ ಬೀದಿಯಾಚೆಯವರನ್ನು ಕರೆದ ಹಾಗೆ ಮಾತು. ಬಸ್ಸಿನಲ್ಲಿ ಅವರು ನನಗೆ ಹೇಳಿದ ಗುಟ್ಟು ಡ್ರೈವರಿಗೂ ತಿಳಿದಿರುತ್ತಿತ್ತು. ಎಂಟನೇ ತರಗತಿಯಲ್ಲಿ ಅವರು ಹೃದಯದ ಕವಾಟಗಳ ಪಾಠ ಮಾಡಿದರೆ ಹತ್ತನೇ ತರಗತಿಯಲ್ಲಿ ನನ್ನ ಹಳಗನ್ನಡ ಪದ್ಯದ ನಡುನಡುವೆ ರಕ್ತ ಹರಿಯುತ್ತಿತ್ತು. ಪಾಠ ಮಾಡುವಾಗ ಕೂತವರಲ್ಲ. ಮಧ್ಯಾಹ್ನದ ಊಟವನ್ನೂ ಕಿಟಕಿಯ ಹತ್ತಿರ ನಿಂತೇ ಮುಗಿಸುತ್ತಿದ್ದರು.

ಸೀಟು ಮೇಡಂ ಎಂಬ ಹೆಸರು ಬಂದದ್ದು ಹೀಗೆ. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಯಿಂದ ಹತ್ತರವರೆಗೆ ಪೂರಾ ಹಳ್ಳಿಯ ಶಾಲೆಯಲ್ಲೇ ಓದಿದ ಮಕ್ಕಳಿಗೆ ಮುಂದೆ ಇಂಜಿನಿಯರಿಂಗು, ಮೆಡಿಕಲ್ಲು, ಪಶುವೈದ್ಯ, ಕೃಷಿ ಮುಂತಾದ ಕಾಲೇಜುಗಳಲ್ಲಿ ಗ್ರಾಮೀಣ ಮೀಸಲಾತಿಯ ಸೀಟುಗಳಿವೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಒಂದಷ್ಟಿವೆ. ಇದು ಗೊತ್ತಿಲ್ಲದ ಹಳ್ಳಿಯ ತಂದೆತಾಯಿಗಳು ಏಳನೇ ತರಗತಿ ಮುಗಿಯುತ್ತಿದ್ದ ಹಾಗೆ ಮಕ್ಕಳನ್ನು ಹಳದಿ ವ್ಯಾನು ಹತ್ತಿಸಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳಿಸುತ್ತಾರೆ. ಒಂದೇ ಒಂದು ವರ್ಷ ಪಟ್ಟಣದ ಶಾಲೆಗೆ ಹೋದರೂ ಗ್ರಾಮೀಣ ಮೀಸಲಾತಿ ಹೋದಂತೆಯೇ. ಈ ಒಂದು ಸಂಗತಿಯನ್ನು ಮನೆಮನೆಗೆ ಮುಟ್ಟಿಸಲೆಂದೇ ತಾವು ಹುಟ್ಟಿರುವುದು ಎನ್ನುವ ಹಾಗೆ ಅವರು ಓಡಾಡುತ್ತಿದ್ದರು. ಮೇ ತಿಂಗಳ ಬಿಸಿಲಿನಲ್ಲಿ, ನಾವೆಲ್ಲ ರಜೆಯಲ್ಲಿ ಮನೆಯಲ್ಲಿರುವಾಗ, ಕೊಡೆ ಹಿಡಿದು ಊರೂರು ಸುತ್ತುತ್ತಿದ್ದರು. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. "ಹತ್ತರವರೆಗೆ ಹಳ್ಳಿ, ಆಮೇಲೆ ದಿಲ್ಲಿ," ಎಂದು ಅವರೇ ಕಟ್ಟಿದ ಮಾತು. ದನ ಕಾಯುವ ಹುಡುಗರೂ ಅವರನ್ನು ಕಂಡರೆ ದೂರದಿಂದ ಅದನ್ನು ಕೂಗಿ ಓಡುತ್ತಿದ್ದರು.

ಮುನಿರಾಜಪ್ಪ ಎಂಬ ದ್ರಾಕ್ಷಿ ಬೆಳೆಗಾರರ ಮನೆಗೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಮಗಳು ಭವ್ಯ ಏಳನೇ ತರಗತಿಯಲ್ಲಿ ಊರಿಗೇ ಮೊದಲಿಗಳು. ಪಟ್ಟಣದ ಶಾಲೆಯಲ್ಲಿ ಮಾತಾಗಿತ್ತು, ವ್ಯಾನಿನವನಿಗೂ ಹೇಳಿಯಾಗಿತ್ತು. ಮೇಡಂ ಅಂಗಳದ ಚಪ್ಪಡಿಯ ಮೇಲೆ ಕೂತು ಭವ್ಯಳನ್ನು ಹತ್ತಿರಕ್ಕೆ ಕರೆದು ಅವಳ ಮಣಿಕಟ್ಟು ಹಿಡಿದುಕೊಂಡರು. ಯಾವ ಮಗುವಿನ ವಿಷಯ ಮಾತಾಡುವಾಗಲೂ ಅವರು ಹೀಗೆ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿಯುತ್ತಿದ್ದರು, ಮಾತು ಮುಗಿಯುವ ತನಕ ಬಿಡುತ್ತಿರಲಿಲ್ಲ. ಮೀಸಲಾತಿಯ ಲೆಕ್ಕವನ್ನೆಲ್ಲ ವಿವರಿಸಿದರು. ಮುನಿರಾಜಪ್ಪ ಕೇಳಿಸಿಕೊಂಡು ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿದರು.

"ನೀವು ಹೇಳೋದೇನೋ ಸರಿ ಮೇಡಂ. ಇಂಗ್ಲೀಷು ಬರ್ದಿದ್ರೆ ನಾಳೆ ಮಗಳೇ ನನ್ನ ಮುಖಕ್ಕೆ ಉಗೀತಾಳೆ."

"ಇಂಗ್ಲೀಷು ಆಮೇಲೂ ಬರುತ್ತೆ ಮುನಿರಾಜಪ್ಪ. ಹಳ್ಳಿ ವರ್ಷ ಆಮೇಲೆ ಬರಲ್ಲ. ಏಳು ವರ್ಷ ಮೊಸರು ಕಡೆದು, ಬೆಣ್ಣೆ ಬರೋ ಹೊತ್ಗೆ ಗಡಿಗೆ ಒಡೀತೀರಾ?"

ಭವ್ಯ ನಮ್ಮ ಶಾಲೆಗೇ ಬಂದಳು. ಮುಂದೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಮೇಡಂ ಹೇಳಿದ ದಾರಿಯಲ್ಲೇ ಸಿಕ್ಕಿತು. ಅಲ್ಲಿಂದಾಚೆ ಅವರ ಮಾತೆಂದರೆ ಆ ಕಡೆಯ ಜನಕ್ಕೆ ವೇದವಾಯಿತು. ಒಬ್ಬೊಬ್ಬರಾಗಿ ಕೃಷಿ ಕಾಲೇಜಿಗೆ, ಇಂಜಿನಿಯರಿಂಗಿಗೆ ಹೋದರು. ಎಂಟನೇ ತರಗತಿಗೆ ಎರಡು ವಿಭಾಗ ಮಾಡಬೇಕಾಯಿತು. ಸುತ್ತಲಿನ ಸರ್ಕಾರಿ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿದ್ದಾಗ ನಮ್ಮಲ್ಲಿ ಬೆಂಚು ಸಾಲದೆ ಹುಡುಗರು ನೆಲದ ಮೇಲೆ ಕೂರುತ್ತಿದ್ದರು.

ಅವರಿಗೆ ನಯವಾಗಿ ಮಾತಾಡಿ ಗೊತ್ತಿರಲಿಲ್ಲ. ಒಬ್ಬ ತಾಯಿ ಮಗಳನ್ನು ಡಾಕ್ಟರು ಮಾಡಬೇಕೆಂದು ಬಂದಳು. ಮೇಡಂ ಆ ಹುಡುಗಿಯನ್ನು ಒಂದಷ್ಟು ಪ್ರಶ್ನೆ ಕೇಳಿ, ಇವಳಿಗೆ ಸೀಟಿನ ಆಸೆ ಬೇಡ, ಹತ್ತಾದ ಮೇಲೆ ಹೊಲಿಗೆಯನ್ನೋ ನರ್ಸಿಂಗನ್ನೋ ನೋಡಿ ಎಂದು ಮಗುವಿನ ಎದುರಿಗೇ ಹೇಳಿಬಿಟ್ಟರು. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು. ಹಾಗೆ ಹೇಳಬಾರದಿತ್ತು ಎಂದು ನಾನು ಬಸ್ಸಿನಲ್ಲಿ ಅಂದದ್ದಕ್ಕೆ, ಸುಳ್ಳು ಆಸೆ ಹುಟ್ಟಿಸುವುದಕ್ಕಿಂತ ದೊಡ್ಡ ಪಾಪ ಮೇಷ್ಟರ ಕೆಲಸದಲ್ಲಿ ಇಲ್ಲ ಎಂದರು. ಆ ಮಾತನ್ನೂ ಇಡೀ ಬಸ್ಸು ಕೇಳಿಸಿಕೊಂಡಿತು.

ಅವರಿಗೆ ಒಬ್ಬಳೇ ಮಗಳು, ಸಿಂಧು. ಆ ಮಗುವನ್ನು ಅವರು ಒಂದನೇ ತರಗತಿಯಿಂದಲೇ ದೊಡ್ಡಬಳ್ಳಾಪುರದಿಂದ ತಮ್ಮ ಜೊತೆ ಬಸ್ಸಿನಲ್ಲಿ ಹಳ್ಳಿಗೆ ಕರೆತರುತ್ತಿದ್ದರು. ಹಳ್ಳಿಯ ಮಕ್ಕಳೆಲ್ಲ ವ್ಯಾನಿನಲ್ಲಿ ಪಟ್ಟಣದ ಕಡೆ ಹೊರಟಿರುವಾಗ, ಪಟ್ಟಣದ ಈ ಒಂದು ಮಗು ಎದುರು ದಿಕ್ಕಿಗೆ. ದಾರಿಯಲ್ಲಿ ವ್ಯಾನುಗಳು ಎದುರಾದರೆ ಸಿಂಧು ಕಿಟಕಿಗೆ ಮೂಗೊತ್ತಿ, ಟೈ ಕಟ್ಟಿಕೊಂಡ ಆ ಮಕ್ಕಳನ್ನು ನೋಡುತ್ತಿದ್ದಳು. ಮೊದಲು ಪ್ರೌಢಶಾಲೆಯ ಪಕ್ಕದಲ್ಲೇ ಇದ್ದ ಪ್ರಾಥಮಿಕ ಶಾಲೆ, ಆಮೇಲೆ ನಮ್ಮದು. ಬಸ್ಸಿನಲ್ಲಿ ನಾನು ಆಂಟಿ, ಶಾಲೆಯ ಗೇಟು ದಾಟಿದರೆ ಮಿಸ್. ಅಮ್ಮನನ್ನೂ ಗೇಟಿನೊಳಗೆ ಮಿಸ್ ಎಂದೇ ಕರೆಯಬೇಕಿತ್ತು. ತಪ್ಪಿ ಒಂದು ಸಲ ಅಮ್ಮ ಎಂದದ್ದಕ್ಕೆ ತರಗತಿಯೆಲ್ಲ ನಕ್ಕಿತು. ಅವಳು ಮತ್ತೆ ತಪ್ಪಲಿಲ್ಲ.

ತಾಯಿಯ ಗಂಟಲು ಅವಳಿಗೆ ಬಂದಿರಲಿಲ್ಲ. ಮೆದುವಾದ ಮಾತು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಮೇಡಂ ಜಾಣ ಮಕ್ಕಳನ್ನು ಕೂರಿಸಿಕೊಂಡು ಜೀವಶಾಸ್ತ್ರದ ಒಂದೊಂದು ಕನ್ನಡ ಪದಕ್ಕೂ ಇಂಗ್ಲಿಷ್ ಪದ ಕಲಿಸುತ್ತಿದ್ದರು. ಅಪಧಮನಿ, ಅಭಿಧಮನಿ, ಯಕೃತ್ತು ಎಂದು ಮಕ್ಕಳು ಎರಡೂ ಭಾಷೆಯಲ್ಲಿ ಕೂಗುತ್ತಿದ್ದರು. ಅದರಲ್ಲಿ ಸಿಂಧುವಿನದೇ ಮೇಲುಗೈ. ಹತ್ತು ವರ್ಷವೂ ಅವಳೇ ತರಗತಿಗೆ ಮೊದಲು. ಇಂಥ ಶಾಲೆಯಲ್ಲಿ ಯಾಕೆ ಓದಿಸುತ್ತೀರಿ, ನಿಮಗೇನು ಕಮ್ಮಿ ಎಂದು ನೆಂಟರು ಕೇಳಿದರೆ, ನನ್ನ ಮಗಳನ್ನು ಸೇರಿಸದ ಶಾಲೆಗೆ ಊರವರ ಮಕ್ಕಳನ್ನು ಯಾವ ಬಾಯಲ್ಲಿ ಕರೆಯಲಿ ಎನ್ನುತ್ತಿದ್ದರು. ಈ ಮಾತನ್ನು ನಾನು ಬಹಳ ಮೆಚ್ಚಿಕೊಂಡಿದ್ದೆ. ಈಗಲೂ ಮೆಚ್ಚುತ್ತೇನೆ. ಅದರಿಂದಲೇ ಇದನ್ನೆಲ್ಲ ಬರೆಯುವುದು ಕಷ್ಟವಾಗುತ್ತಿದೆ.

ಹತ್ತಾದ ಮೇಲೆ ಸಿಂಧು ಬೆಂಗಳೂರಿನ ಪಿಯು ಕಾಲೇಜಿಗೆ ಹೋದಳು. ಮೊದಲ ಸಲ ಬರೆದ ಪ್ರವೇಶ ಪರೀಕ್ಷೆಯಲ್ಲಿ ಮೆಡಿಕಲ್ಲಿಗೆ ಸಾಲುವಷ್ಟು ಬರಲಿಲ್ಲ. ಒಂದು ವರ್ಷ ಕೋಚಿಂಗಿಗೆ ಕೂರಿಸಿದರು. ಮರುವರ್ಷ ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಸೇರಿ, ಉತ್ತರದ ಕಡೆಯ ದೂರದ ಊರೊಂದರ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವತ್ತು ಮೇಡಂ ಶಾಲೆಗೆ ಬಂದು ಏನೂ ಹೇಳದೆ ಕಿಟಕಿಯ ಹತ್ತಿರ ನಿಂತುಬಿಟ್ಟರು. ಅವರು ಮಾತಾಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಊರಿನ ಯುವಕರು ಶಾಲೆಯ ಗೇಟಿಗೆ ಫ್ಲೆಕ್ಸು ಕಟ್ಟಿದರು. ಬಿಳಿ ಕೋಟು ಹಾಕಿಕೊಂಡು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಸಿಂಧುವಿನ ಚಿತ್ರ, ಅದರ ಕೆಳಗೆ ನಮ್ಮ ಶಾಲೆಯ ಹೆಮ್ಮೆ ಎಂದು ದೊಡ್ಡ ಅಕ್ಷರ.

ಆ ಕಾಲೇಜಿನಲ್ಲಿ ಏನಾಯಿತೆಂಬುದು ನನಗೆ ತುಂಡು ತುಂಡಾಗಿ ತಿಳಿದದ್ದು. ಸಿಂಧು ಓದದ ಹುಡುಗಿಯಲ್ಲ. ಪಿಯುಸಿಯಲ್ಲೂ ಕೋಚಿಂಗಿನಲ್ಲೂ ನಾಲ್ಕು ಉತ್ತರದಲ್ಲಿ ಒಂದರ ಸೊನ್ನೆಗೆ ಮಸಿ ತುಂಬುವುದೇ ಓದು, ಬಾಯಿ ಬಿಡುವ ಪ್ರಮೇಯವಿರಲಿಲ್ಲ. ಇಲ್ಲಿ ಹೆಣದ ಮುಂದೆ ನಿಲ್ಲಿಸಿ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ಇಂಗ್ಲಿಷಿನಲ್ಲೇ ಹೇಳಬೇಕು. ಅವಳಿಗೆ ಪದಗಳೆಲ್ಲ ಗೊತ್ತಿದ್ದವು, ಅಮ್ಮ ಕಲಿಸಿದ್ದಳು. ಒಂದು ಪದದಿಂದ ಇನ್ನೊಂದು ಪದಕ್ಕೆ ದಾಟುವುದು ಗೊತ್ತಿರಲಿಲ್ಲ. ಮನಸ್ಸಿನಲ್ಲಿ ವಾಕ್ಯ ಕೂಡಿಸುವಷ್ಟರಲ್ಲಿ ಪ್ರಶ್ನೆ ಪಕ್ಕದವಳಿಗೆ ಹೋಗಿರುತ್ತಿತ್ತು. ಹಾಸ್ಟೆಲಿನಲ್ಲಿ ಯಾರೋ ನೀನು ಯಾವ ಕೋಟಾ ಎಂದು ಕೇಳಿದರು, ಇವಳು ಎರಡೂ ಕೋಟಾ ಎಂದು ಇದ್ದದ್ದನ್ನು ಹೇಳಿದಳು. ಅಲ್ಲಿಂದ ಅವಳಿಗೆ ಡಬಲ್ ಎಂದು ಹೆಸರಿಟ್ಟರು. ಮೊದಲ ವರ್ಷದ ಪರೀಕ್ಷೆಯಲ್ಲಿ ಎಲ್ಲ ವಿಷಯವೂ ಹೋಯಿತು. ಹಳ್ಳಿಯ ಶಾಲೆಯಲ್ಲಿ ಎರಡನೆಯವಳಾಗಿ ಕೂಡ ಗೊತ್ತಿರದವಳು.

ದೀಪಾವಳಿಗೆ ಬಂದವಳು ವಾಪಸ್ಸು ಹೋಗುವುದಿಲ್ಲ ಎಂದಳಂತೆ. ಮೇಡಂ ರಜೆ ಹಾಕಿ ತಾವೇ ರೈಲಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟುಬಂದರು. ಮೊದಮೊದಲು ಎಲ್ಲರಿಗೂ ಹಾಗೇ, ಆಮೇಲೆ ಹೊಂದಿಕೊಳ್ಳುತ್ತಾಳೆ ಎಂದು ನನಗೆ ಹೇಳಿದರು. ನನಗೆ ಹೇಳಿದಂತೆ ಇರಲಿಲ್ಲ, ತಮಗೆ ತಾವೇ ಹೇಳಿಕೊಂಡಂತಿತ್ತು. ಸಂಕ್ರಾಂತಿ ಕಳೆದ ಮೇಲೆ ಕಾಲೇಜಿನಿಂದ ಫೋನು ಬಂತು. ಹಾಸ್ಟೆಲಿನ ಮಾಳಿಗೆಯ ಅಂಚಿನಲ್ಲಿ ನಿಂತಿದ್ದವಳನ್ನು ವಾರ್ಡನ್ ಕೈಹಿಡಿದು ಕೆಳಗೆ ಕರೆತಂದಿದ್ದರು. ಗಂಡಹೆಂಡತಿ ಇಬ್ಬರೂ ಹೋಗಿ ಮಗಳನ್ನು ಕರೆದುಕೊಂಡು ಬಂದರು.

ಮರುದಿನ ಸಂಜೆ ನಾನು ಅವರ ಮನೆಗೆ ಹೋದೆ. ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು. ಸಿಂಧು ಆ ಸದ್ದಿನಲ್ಲೇ ಗೋಡೆಯ ಕಡೆ ಮುಖ ಮಾಡಿ ಗಾಢವಾಗಿ ನಿದ್ದೆ ಹೋಗಿದ್ದಳು. ಹಾಸ್ಟೆಲಿನಲ್ಲಿ ಸದ್ದೇ ಇಲ್ಲ, ಅದಕ್ಕೇ ನಿದ್ದೆ ಬರುತ್ತಿರಲಿಲ್ಲ ಎಂದಿದ್ದಳಂತೆ. ಮೇಡಂ ಬಾಗಿಲಲ್ಲಿ ನಿಂತು, ಸಪ್ಲಿಮೆಂಟರಿ ಪರೀಕ್ಷೆಗೆ ಇನ್ನೂ ಸಮಯವಿದೆ, ಇಲ್ಲೇ ಮನೆಯಲ್ಲಿ ಯಾರಿಂದಲಾದರೂ ಇಂಗ್ಲಿಷ್ ಹೇಳಿಸಬಹುದು ಎಂದು ಏನೇನೋ ಹೇಳತೊಡಗಿದರು. ಅವರ ಯಜಮಾನರು ಬಲು ಸಾಧು, ಹೆಂಡತಿಯ ಮಾತಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಅವರು ಎದ್ದುಹೋಗಿ ಮಗ್ಗಗಳ ಸ್ವಿಚ್ಚು ಆರಿಸಿ ಬಂದರು. ಮನೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು.

"ಸಾಕು ಬಿಡು. ನಂಗೆ ಡಾಕ್ಟ್ರು ಬೇಡ, ಮಗು ಬೇಕು," ಎಂದರು.

ಸದ್ದು ನಿಂತದ್ದಕ್ಕೆ ಸಿಂಧುವಿಗೆ ಎಚ್ಚರವಾಯಿತು.

ಅಲ್ಲಿಂದ ಬೆಂಗಳೂರಿನ ಮನೋವೈದ್ಯರ ಹತ್ತಿರ ಓಡಾಟ ಶುರುವಾಯಿತು. ಮಾತ್ರೆಗಳು. ಸಿಂಧು ಕಾಲೇಜು ಬಿಟ್ಟಳು. ಇದು ಮನೆಯವರನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿದ್ದದ್ದು. ಹಳ್ಳಿಯಲ್ಲಿ ಫ್ಲೆಕ್ಸು ಗೇಟಿನ ಮೇಲೆ ಹಾಗೇ ಇತ್ತು. ಬಸ್ಸಿಳಿದರೆ ಸಾಕು, ಟೀ ಅಂಗಡಿಯವರು, ಡೇರಿಯ ಕಾರ್ಯದರ್ಶಿ, ಹುಲ್ಲಿನ ಹೊರೆ ಹೊತ್ತ ಹೆಂಗಸರು, ಎಲ್ಲರೂ ಡಾಕ್ಟರಮ್ಮ ಹೇಗಿದ್ದಾಳೆ ಎಂದು ಕೇಳುವವರೇ. ಮೇಡಂ ನಡೆಯುತ್ತಲೇ, ಇದ್ದಾಳೆ, ಓದುತ್ತಿದ್ದಾಳೆ ಎನ್ನುತ್ತಿದ್ದರು. ಒಂದು ದಿನ ನಾನು, ಇದು ಎಷ್ಟು ಕಾಲ ನಡೆಯುತ್ತದೆ ಎಂದು ಕೇಳಿದೆ. ಬಸ್ಸಿನಲ್ಲಿ ಅವರು ಬಾಯನ್ನು ನನ್ನ ಕಿವಿಯ ಹತ್ತಿರ ತಂದರು.

"ನಾನು ಬಾಯಿ ಬಿಟ್ರೆ ಎಂಟನೇ ಕ್ಲಾಸಿಗೆ ಯಾರು ಬರ್ತಾರೆ ಕನ್ನಡ ಮೇಡಂ? ಬರೀ ನನ್ನ ಮಗಳ ಮಾತಾಗಿದ್ರೆ ಹೇಳ್ಬಿಡ್ತಿದ್ದೆ. ಇಲ್ಲಿ ಸ್ಕೂಲೇ ಮುಚ್ಚೋಗುತ್ತೆ."

ಅದು ನೆಪವಾಗಿರಲಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಊರಲ್ಲಿ ಶಾಲೆ ಇದ್ದರೆ ಓದು, ಇಲ್ಲದಿದ್ದರೆ ಇಲ್ಲ. ಆ ವರ್ಷವೂ ಮೇಡಂ ಮೇ ತಿಂಗಳಲ್ಲಿ ಊರೂರು ಸುತ್ತಿದರು. ಹತ್ತರವರೆಗೆ ಹಳ್ಳಿ ಎಂಬ ಮಾತನ್ನು ಮಾತ್ರ ಅವರ ಬಾಯಲ್ಲಿ ನಾನು ಕೇಳಲಿಲ್ಲ. ಮಕ್ಕಳು ಬಂದರು. ಒಂದು ವರ್ಷ ಹೀಗೇ ಕಳೆಯಿತು. ಮೇಡಂ ಸೊರಗುತ್ತಾ ಹೋದರು. ಮಧ್ಯಾಹ್ನದ ಡಬ್ಬಿ ಬಿಚ್ಚಿ, ಒಂದೆರಡು ತುತ್ತು ತಿಂದು, ಉಳಿದದ್ದನ್ನು ಆಯಾಗೆ ಕೊಟ್ಟುಬಿಡುತ್ತಿದ್ದರು.

ಮರುವರ್ಷ ಶಾಲೆ ತೆರೆದ ವಾರ ತಂದೆತಾಯಿಗಳ ಸಭೆ. ದೊಡ್ಡ ಕೊಠಡಿ ತುಂಬಿ ಬಾಗಿಲಾಚೆಗೂ ಜನ ನಿಂತಿದ್ದರು. ಹೆಡ್‌ಮಾಸ್ಟರು ಎಂದಿನಂತೆ ಮಾತಾಡಿ, ಇನ್ನು ನಮ್ಮ ವಿಜ್ಞಾನದ ಮೇಡಂ ಹೇಳುತ್ತಾರೆ ಎಂದು ಕೂತರು. ಮುಂದಿನ ಸಾಲಿನಲ್ಲಿ ಲಕ್ಷ್ಮಮ್ಮ ಎಂಬಾಕೆ ಇದ್ದರು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸು, ಅವತ್ತು ಸಭೆಗಾಗಿ ಕೆಲಸ ಬಿಟ್ಟು ಬಂದಿದ್ದರು. ಮಗಳು ರಮ್ಯಳನ್ನು ಎಂಟಕ್ಕೆ ಸೇರಿಸುವುದಿತ್ತು. ಆಕೆ ಎದ್ದು ಮಗಳನ್ನು ಮೇಡಂ ಮುಂದೆ ತಂದು ನಿಲ್ಲಿಸಿದರು. ಮೇಡಂ ಅಭ್ಯಾಸದಂತೆ ಮಗುವಿನ ಮಣಿಕಟ್ಟು ಹಿಡಿದರು.

"ಇವ್ಳ್ನ ನಿಮ್ಮ ಕೈಗೆ ಹಾಕ್ತಿದೀನಿ ಮೇಡಂ," ಎಂದರು ಲಕ್ಷ್ಮಮ್ಮ. "ನಿಮ್ಮ ಮಗಳ ಥರಾನೇ ಮಾಡ್ಬಿಡಿ. ಇನ್ನೇನೂ ಬೇಡ."

ಮೇಡಂ ಮಗುವಿನ ಕೈ ಬಿಟ್ಟರು. ಬೇಡಮ್ಮ ಎಂದರು. ಆಮೇಲೆ ಏನೋ ಹೇಳಿದರು. ಪಕ್ಕದಲ್ಲಿದ್ದ ನನಗೆ ಕೇಳಿಸಿತು, ಲಕ್ಷ್ಮಮ್ಮನಿಗೆ ಕೇಳಿಸಿತು. ಅಷ್ಟು ಸಣ್ಣ ದನಿ ಅವರಿಗಿದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಹಿಂದಿನಿಂದ ಯಾರೋ ಒಬ್ಬರು, ಕೇಳಿಸುತ್ತಿಲ್ಲ ಮೇಡಂ, ಜೋರಾಗಿ ಹೇಳಿ ಎಂದರು. ಅವರು ತಮ್ಮ ಮಗ್ಗದ ಮನೆಯ ಗಂಟಲಿನಲ್ಲಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದರು.

"ನನ್ನ ಮಗಳು ಕಾಲೇಜಲ್ಲಿಲ್ಲ. ಬಿಟ್ಟು ಬಂದು ವರ್ಷದ ಮೇಲಾಯ್ತು. ಮನೇಲಿದಾಳೆ, ಹುಷಾರಿಲ್ಲ, ಮಾತ್ರೆ ತಗೋತಿದಾಳೆ. ಉಳ್ಕೊಂಡಿದ್ದೇ ಹೆಚ್ಚು. ಸೀಟು ನಾನು ಹೇಳ್ದಂಗೇ ಸಿಕ್ತು, ಅದ್ರಲ್ಲಿ ಸುಳ್ಳಿಲ್ಲ. ಸಿಕ್ಕಿದ್ಮೇಲೆ ಮಗು ಅಲ್ಲಿ ಹೆಂಗಿರುತ್ತೆ ಅಂತ ನಾನು ಯೋಚ್ನೆ ಮಾಡಿರ್ಲಿಲ್ಲ. ಇಷ್ಟು ದಿನ ಕೇಳ್ದೋರಿಗೆಲ್ಲ ಸುಳ್ಳು ಹೇಳ್ದೆ."

ಮೊದಲು ಎದ್ದವರು ಮುನಿರಾಜಪ್ಪ. ಅವರ ಮಕ್ಕಳ ಓದು ಮುಗಿದಿತ್ತು, ಶಾಲಾಭಿವೃದ್ಧಿ ಸಮಿತಿಯಲ್ಲಿದ್ದುದರಿಂದ ಬಂದಿದ್ದರು. ತಮ್ಮ ಮಗಳು ಇವತ್ತು ದನದ ಡಾಕ್ಟರಾಗಿದ್ದಾಳೆ, ಅದು ಈ ಮೇಡಂ ದಯೆ, ಒಂದು ಮಗುವಿಗೆ ಹಾಗಾಯಿತೆಂದು ಎಲ್ಲರಿಗೂ ಆಗುವುದಿಲ್ಲ ಎಂದರು. ಹಿಂದೆ ನಿಂತಿದ್ದ ಒಬ್ಬ ತಂದೆ, ಮೇಷ್ಟರ ಮಗಳಿಗೇ ಹಾಗಾದರೆ ನಮ್ಮ ಮಕ್ಕಳ ಗತಿಯೇನು ಎಂದ. ಇನ್ನೊಬ್ಬ, ಹಾಗಾದರೆ ಗೇಟಿನ ಮೇಲಿರುವ ಬೋರ್ಡು ಯಾಕೆ ಎಂದ. ಲಕ್ಷ್ಮಮ್ಮ ಮಗಳ ಭುಜ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದರು.

ಸಭೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು, ನಿಜ ಹೇಳುವುದಕ್ಕೆ ಜೂನಿನ ದಾಖಲಾತಿ ಮುಗಿಯಲಿ ಎಂದು ಕಾಯಬಾರದಿತ್ತೇ ಎಂದು ಕೇಳಿದರು. ಮೇಡಂ ಅವರ ಮುಖ ನೋಡಿದರು. ಸಂಜೆ ಬಸ್ಸಿನಲ್ಲಿ ನಾನು ಅವರ ಕೈ ಹಿಡಿದುಕೊಂಡೆ. ಆ ಮಗು ಬೇರೆ ಶಾಲೆಗೆ ಸೇರಿಕೊಳ್ಳುತ್ತದಾ ಎಂದು ಒಂದೇ ಮಾತು ಕೇಳಿದರು. ರಮ್ಯ ಯಾವ ಶಾಲೆಗೂ ಸೇರಲಿಲ್ಲವೆಂದು, ಚಿಕ್ಕ ತಮ್ಮನನ್ನು ನೋಡಿಕೊಂಡು ಮನೆಯಲ್ಲಿದ್ದಾಳೆಂದು ನನಗೆ ತಿಳಿದದ್ದು ಆಗಸ್ಟಿನಲ್ಲಿ. ಅವರಿಗೆ ನಾನು ಹೇಳಲಿಲ್ಲ. ಬೇರೆ ಯಾರೋ ಹೇಳಿದ್ದರು. ಮೇಡಂ ಎರಡು ಸಲ ಆ ಮನೆಗೆ ಹೋಗಿಬಂದರೆಂದು ಆಮೇಲೆ ಗೊತ್ತಾಯಿತು. ಲಕ್ಷ್ಮಮ್ಮ ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಮಗಳ ಮಾತು ಬಂದಾಗ ಮಾತ್ರ ಎದ್ದು ಒಲೆಯ ಕಡೆ ಹೋಗುತ್ತಿದ್ದರಂತೆ.

ಆ ವರ್ಷ ಎಂಟಕ್ಕೆ ಬಂದ ಮಕ್ಕಳು ಒಂದು ವಿಭಾಗಕ್ಕೂ ಸಾಲದಷ್ಟು. ಇದ್ದ ಮಕ್ಕಳಲ್ಲೂ ಕೆಲವರು ಪಟ್ಟಣಕ್ಕೆ ಹೋದರು. ವಿಭಾಗಗಳು ಕೂಡಿಕೊಂಡವು. ವಿಭಾಗ ಕಮ್ಮಿಯಾದ ಮೇಲೆ ಇಲಾಖೆಯವರು ಒಂದು ಹುದ್ದೆ ಹೆಚ್ಚುವರಿ ಎಂದರು. ಹಾಗೆ ಹೆಚ್ಚುವರಿಯಾದವರು ನಮ್ಮ ವಿಜ್ಞಾನದ ಮೇಡಮ್ಮೇ. ಹತ್ತಿರದ ಜಾಗಗಳೆಲ್ಲ ಬೇರೆಯವರ ಪಾಲಾಗಿದ್ದವು. ಅವರಿಗೆ ಸಿಕ್ಕಿದ್ದು ಹೊಸಕೋಟೆ ತಾಲ್ಲೂಕಿನ ಒಂದು ಶಾಲೆ. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು, ಮಕ್ಕಳಿಗೆ ಚೆನ್ನಾಗಿ ಓದಿ ಎಂದಷ್ಟೇ ಹೇಳಿ ಕೂತರು.

ಹೊಸಕೋಟೆಗೆ ಬೆಳಕು ಹರಿಯುವ ಮುಂಚೆ ಹೊರಟು, ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ, ಅಲ್ಲಿಂದ ಆಟೋ. ಬಿಪಿ ಮೊದಲಿಂದಲೂ ಇತ್ತು, ಮಾತ್ರೆ ನುಂಗಲು ಮರೆಯುತ್ತಿದ್ದರು. ಮಗಳ ಮಾತ್ರೆಯನ್ನು ಒಂದು ದಿನವೂ ಮರೆಯುತ್ತಿರಲಿಲ್ಲ ಎಂದು ಅವರ ಯಜಮಾನರು ಹೇಳಿದರು. ಈ ವರ್ಷ ಬೇಸಿಗೆಯ ಆರಂಭದಲ್ಲಿ ಪಾಠ ಮಾಡುತ್ತಿರುವಾಗಲೇ ಕುಸಿದರು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಆಸ್ಪತ್ರೆಯಲ್ಲಿ ಒಂದೆರಡು ದಿನ ಇದ್ದರು, ಎಚ್ಚರ ಬರಲಿಲ್ಲ.

ಹನ್ನೊಂದನೆಯ ದಿನ ತಿಥಿಗೆ ಹೋಗಿದ್ದೆ. ಮಗ್ಗಗಳು ನಿಂತಿದ್ದವು. ಹೊಸಕೋಟೆಯ ಶಾಲೆಯಿಂದ ಇಬ್ಬರು ಶಿಕ್ಷಕರು ಬಂದಿದ್ದರು. ಮೇಡಂ ಅವರನ್ನು ನಮ್ಮ ಕಡೆ ಸೀಟು ಮೇಡಂ ಎಂದು ಕರೆಯುತ್ತಿದ್ದರೆಂದು ನಾನು ಹೇಳಿದೆ. ಹೌದಾ ಎಂದು ಆಶ್ಚರ್ಯಪಟ್ಟರು. ಅಲ್ಲಿ ಅವರದು ಮಾತೇ ಕಮ್ಮಿಯಂತೆ, ಪಾಠವೂ ಪಕ್ಕದ ಕೊಠಡಿಗೆ ಕೇಳಿಸುತ್ತಿರಲಿಲ್ಲವಂತೆ. ಹೈಸ್ಕೂಲು ಯಾವುದು ಒಳ್ಳೆಯದು, ಪಟ್ಟಣಕ್ಕೆ ಹಾಕಲೋ ಇಲ್ಲೇ ಇಡಲೋ ಎಂದು ಯಾರಾದರೂ ಪೋಷಕರು ಕೇಳಿದರೆ, ನನಗೆ ಗೊತ್ತಿಲ್ಲ ಎಂದು ಬೇರೆಯವರ ಹತ್ತಿರ ಕಳಿಸುತ್ತಿದ್ದರಂತೆ.

ಭವ್ಯ ಬಂದಿದ್ದಳು. ಮೇಡಂ ಪಟದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಇವರು ಅಂಗಳಕ್ಕೆ ಬಂದು ಅಪ್ಪನ ಹತ್ತಿರ ಜಗಳ ಆಡದಿದ್ದರೆ ನಾನು ಇವತ್ತು ಏನಾಗಿರುತ್ತಿದ್ದೆನೋ ಎಂದಳು. ಹೇಳಿದ ಮೇಲೆ ಪಕ್ಕದಲ್ಲಿ ಸಿಂಧು ನಿಂತಿರುವುದನ್ನು ಕಂಡು ತಟ್ಟನೆ ಮಾತು ನಿಲ್ಲಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಿಂಧು ಅವಳಿಗೆ ಕುಡಿಯಲು ನೀರು ತಂದುಕೊಟ್ಟಳು.

ಆಮೇಲೆ ಸಿಂಧು ಶೆಡ್ಡಿನ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತಳು. ಮೊದಲಿಗಿಂತ ಮೈ ತುಂಬಿಕೊಂಡಿದ್ದಳು, ಮಾತ್ರೆಯಿಂದ ಇರಬೇಕು. ಅವಳಿಗೆ ಅಳು ಬರುತ್ತಿಲ್ಲವಂತೆ, ಎಲ್ಲರೂ ಅವಳನ್ನೇ ನೋಡುತ್ತಿದ್ದಾರಂತೆ. ಪರವಾಗಿಲ್ಲ ಎಂದು ನಾನು ಹೇಳಿದೆ.

"ಅಮ್ಮ ಒಂದ್ಸಲ ಕೇಳಿದ್ಲು ಆಂಟಿ," ಎಂದಳು. "ಹೊಸಕೋಟೆಯಿಂದ ಆಗ್ತಾನೆ ಬಂದಿದ್ಲು, ಚಪ್ಪಲಿ ಕೂಡ ಬಿಟ್ಟಿರ್ಲಿಲ್ಲ. ಪುಟ್ಟಿ, ಚಿಕ್ಕೋಳಿದ್ದಾಗ ನಿಂಗೆ ಯಾವ ಸ್ಕೂಲಿಗೆ ಹೋಗ್ಬೇಕು ಅಂತ ಆಸೆ ಇತ್ತು ಅಂತ."

"ನೀನೇನಂದೆ?"

"ಯೋಚ್ನೆ ಮಾಡ್ದೆ. ಏನೂ ಹೊಳೀಲಿಲ್ಲ, ಅದನ್ನ ಯಾರೂ ಕೇಳೇ ಇರ್ಲಿಲ್ವಲ್ಲ. ಆಮೇಲೆ, ನೀನು ಪಾಠ ಮಾಡೋ ಸ್ಕೂಲಿಗೇ ಅಂದೆ. ಅಮ್ಮ ಅಲ್ಲೇ ಬಾಗಿಲಲ್ಲೇ ಕೂತ್ಕೊಂಡ್ಬಿಟ್ಲು." ಅವಳು ಬೆರಳಿನಲ್ಲಿ ಮೆಟ್ಟಿಲಿನ ಮೇಲಿದ್ದ ನೂಲಿನ ಧೂಳನ್ನು ಬಳಿಯುತ್ತಿದ್ದಳು. "ನಿಜ ಹೇಳ್ತಿದೀಯಾ, ನನ್ನ ಸಮಾಧಾನಕ್ಕೆ ಹೇಳ್ತಿದೀಯಾ ಅಂದ್ಲು. ನಂಗೇ ಗೊತ್ತಿಲ್ಲ ಅಮ್ಮ ಅಂದೆ."

ಒಳಗೆ ಎಲೆ ಹಾಕಿಯಾಗಿತ್ತು. ಅವಳ ತಂದೆ ಕರೆದರು. ಸಿಂಧು ಕೈ ಕೊಡವಿಕೊಂಡು ಎದ್ದು ಹೋಗಿ, ಜಗ್ಗು ತೆಗೆದುಕೊಂಡು, ಊಟಕ್ಕೆ ಕೂತವರ ಲೋಟಗಳಿಗೆ ಒಂದೊಂದಾಗಿ ನೀರು ಹಾಕತೊಡಗಿದಳು.